ಇಂಚು ಮೇಸ್ತ್ರಿಯ ಮೇಜು

ವಸ್ತುಸಂಗ್ರಹಾಲಯದ ಮರಗೆಲಸದ ಮೇಸ್ತ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದನ್ನು ಯಾರೂ ಎಲ್ಲೂ ಬಳಸಿದ್ದಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ದೊಡ್ಡ ಅಧಿಕಾರಿಯವರೆಗೆ ಎಲ್ಲರಿಗೂ ಅವರು ಇಂಚು ಮೇಸ್ತ್ರಿ. ಅಳತೆಪಟ್ಟಿ ಇಟ್ಟು ನೋಡದೆ ಒಂದು ಅಳತೆಯನ್ನೂ ಬಾಯಿಬಿಟ್ಟು ಹೇಳಿದ ಮನುಷ್ಯ ಅಲ್ಲ. "ಮೇಸ್ತ್ರೀ, ಆ ಗೋಡೆ ಎಷ್ಟುದ್ದ ಇರಬಹುದು?" ಎಂದು ಯಾರಾದರೂ ಕೇಳಿದರೆ, "ಇರಬಹುದು ಅನ್ನೋ ಲೆಕ್ಕ ನನ್ ಹತ್ರ ಇಲ್ಲ, ತಡೀರಿ" ಎಂದು ಸೊಂಟದಿಂದ ಪಟ್ಟಿ ಎಳೆಯುವರು. "ಇವರು ಯಾರ ಮನೆಗೆ ಹೋದ್ರೂ ಮೊದಲು ಬಾಗಿಲು ಓರೆ ಇದೆಯಾ ನೋಡ್ತಾರೆ, ಆಮೇಲೆ ಮನೆಯವರು ಚೆನ್ನಾಗಿದಾರಾ ಕೇಳ್ತಾರೆ" ಎಂದು ಅವರ ಹೆಂಡತಿ ನೆಂಟರ ಮುಂದೆ ಆಡಿಕೊಳ್ಳುತ್ತಿದ್ದರು. ಮೇಸ್ತ್ರಿ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದರು.

ಆ ಕಟ್ಟಡದಲ್ಲಿ ಒಟ್ಟು ನೂರ ಹನ್ನೆರಡು ಗಾಜಿನ ಪೆಟ್ಟಿಗೆಗಳು. ಅರ್ಧದಷ್ಟು ಅವರ ಗುರುಗಳು ಮಾಡಿದ್ದು, ಉಳಿದರ್ಧ ಇವರ ಕೈಯವು. ಎಲ್ಲಕ್ಕೂ ಒಂದೇ ಎತ್ತರ. ಕೆಲಸದ ಕೋಣೆಯ ಬಾಗಿಲ ಹಿಂದೆ, ಮೊಳೆಗೆ ನೇತುಹಾಕಿದ ಒಂದು ಕೋಲಿತ್ತು. ಮೊಟ್ಟಮೊದಲ ಅಧಿಕಾರಿ ಆಜಾನುಬಾಹು ಮನುಷ್ಯನಂತೆ. ಅವರನ್ನು ನೆಟ್ಟಗೆ ನಿಲ್ಲಿಸಿ, ಅಂಗಿಯ ನಾಲ್ಕನೆಯ ಗುಂಡಿಗೆ ಸಮನಾಗಿ ಕೊಯ್ದ ಕೋಲು ಅದು. ನಾಲ್ಕಡಿ ನಾಲ್ಕಿಂಚು. ಆ ಅಧಿಕಾರಿ ಹೋಗಿ, ಅವರ ನಂತರದವರೂ ಹೋಗಿ, ಗುರುಗಳೂ ತೀರಿಕೊಂಡರು. ಕೋಲು ಮಾತ್ರ ಮೊಳೆ ಬಿಟ್ಟು ಕದಲಲಿಲ್ಲ. ಪೆಟ್ಟಿಗೆಯ ತಳ ಆ ಕೋಲಿನ ತುದಿಗೆ ಬರಬೇಕು, ಅಷ್ಟೆ. ಗಿಡ್ಡಗಿದ್ದವರು ತುದಿಗಾಲಲ್ಲಿ ನಿಂತರು, ಮಕ್ಕಳನ್ನು ಅಪ್ಪಂದಿರು ಎತ್ತಿಕೊಂಡರು. ಇದು ಯಾರ ಎದೆಯ ಅಳತೆ ಎಂದು ಮೂವತ್ನಾಲ್ಕು ವರ್ಷ ಮೇಸ್ತ್ರಿಯೂ ತಲೆ ಕೆಡಿಸಿಕೊಂಡವರಲ್ಲ. ಕೋಲಿಗೂ ಪೆಟ್ಟಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿಯಬಾರದು ಎಂಬುದೊಂದೇ ಅವರ ಚಿಂತೆ.

ಆ ವರ್ಷ ಊರಾಚೆಯ ಶಾಲೆಯೊಂದರಿಂದ ಗಾಲಿಕುರ್ಚಿಯ ಮಕ್ಕಳು ಬಂದರು. ಮುಂಬಾಗಿಲಿಗೆ ಒಂಬತ್ತು ಮೆಟ್ಟಿಲು. ಕಾವಲುಗಾರರು, ಬಸ್ಸಿನ ಚಾಲಕ, ಮಕ್ಕಳ ತಾಯಂದಿರು ಸೇರಿ ಒಂದೊಂದೇ ಕುರ್ಚಿಯನ್ನು ಹೊತ್ತು ಮೇಲಕ್ಕೆ ತಂದರು. ಒಳಗೆ ಬಂದ ಮಕ್ಕಳು ಪೆಟ್ಟಿಗೆಗಳ ನಡುವೆ ಸುಮ್ಮನೆ ಸುತ್ತಿದರು. ಕಂಡದ್ದೇನು? ಮರದ ಕಾಲುಗಳು, ಹಲಗೆಯ ತಳ, ಮೇಲೆಲ್ಲೋ ಹೊಳೆಯುವ ಗಾಜಿನ ಅಂಚು. ಶಿಕ್ಷಕಿ ಪ್ರತಿ ಪೆಟ್ಟಿಗೆಯೊಳಗೆ ಇಣುಕಿ, ಒಳಗಿರುವುದನ್ನು ಬಾಯಲ್ಲಿ ವರ್ಣಿಸುತ್ತ ಹೋದರು. ಅಷ್ಟಕ್ಕೇ ಆದರೆ ಶಾಲೆಯಲ್ಲೇ ಕೂರಬಹುದಿತ್ತು.

ಮೇಸ್ತ್ರಿ ಒಂದು ಮೂಲೆಯಲ್ಲಿ ಕೀಲು ಬಿಗಿಯುತ್ತಿದ್ದರು. ಅವರ ಪಕ್ಕದ ಪೆಟ್ಟಿಗೆಯ ಕೆಳಗೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕುರ್ಚಿ ನಿಲ್ಲಿಸಿಕೊಂಡು, ಕತ್ತೆತ್ತಿ ಏನನ್ನೋ ಓದುತ್ತಿದ್ದಳು.

"'ಹದಿನೇಳು, ಎಡಗಡೆ.' 'ಬಾಗಿಲು ಈ ಕಡೆ.' 'ಗೋಂದು ಒಣಗಿಲ್ಲ, ಮುಟ್ಟಬೇಡ,'" ಎಂದು ಗಟ್ಟಿಯಾಗಿ ಓದಿ, ಮೇಸ್ತ್ರಿಯ ಕಡೆ ತಿರುಗಿ, "ಈಗ ಒಣಗಿದೆಯಾ ತಾತ?" ಎಂದು ಕೇಳಿದಳು.

ಇಪ್ಪತ್ತು ವರ್ಷದ ಹಿಂದೆ ಅವರೇ ಪೆನ್ಸಿಲಿನಲ್ಲಿ ಗೀಚಿದ್ದು ಅದು. ಈ ಕಟ್ಟಡಕ್ಕೆ ಬಂದುಹೋದ ಲಕ್ಷಾಂತರ ಜನರಲ್ಲಿ ತಮ್ಮ ಕೈಬರಹ ಓದಿದವಳು ಇವಳೊಬ್ಬಳೇ ಎಂದು ಮೇಸ್ತ್ರಿಗೆ ನಗು ಬಂತು. ಇವಳಿಗೆ ಓದಲು ಇಲ್ಲಿ ಬೇರೇನೂ ಸಿಕ್ಕಿಲ್ಲ ಎಂದು ಹೊಳೆದದ್ದು ಒಂದು ಗಳಿಗೆ ತಡವಾಗಿ.

"ಮೇಲೆ ಏನಿದೆ?" ಎಂದಳು ಹುಡುಗಿ.

"ಮಡಕೆ ಚೂರು. ಸಾವಿರಾರು ವರ್ಷದ್ದು. ಅದರ ಕುತ್ತಿಗೆ ಮೇಲೆ ಒಂದು ಬೆರಳಿನ ಗುರುತಿದೆ. ಮಣ್ಣು ಹಸಿ ಇದ್ದಾಗ ಮನೇಲಿದ್ದ ಯಾವುದೋ ಮಗು ಒತ್ತಿಬಿಟ್ಟಿದೆ. ಬೈಸ್ಕೊಂಡಿರುತ್ತೆ ಬಿಡು."

"ನನ್ನಷ್ಟು ಮಗುನಾ?"

"ಇರಬಹು..." ಎಂದು ಶುರುಮಾಡಿ ಮೇಸ್ತ್ರಿ ನಾಲಿಗೆ ಕಚ್ಚಿಕೊಂಡರು. "ನೋಡದೆ ಹೇಗೆ ಹೇಳಲಿ?"

"ನನ್ನ ಬೆರಳು ಅದರೊಳಗೆ ಕೂರುತ್ತಾ ನೋಡ್ಬೇಕು. ನಾನೇ ಇಡ್ತೀನಿ. ಯಾರೂ ಕೈ ಹಿಡ್ಕೋಬಾರದು," ಎಂದಳು. ಕೇಳಿಕೊಂಡ ಹಾಗಿರಲಿಲ್ಲ ಅದು, ಕೆಲಸ ಒಪ್ಪಿಸಿದ ಹಾಗಿತ್ತು.

ಹುಡುಗಿಯ ತಾಯಿ ದರ್ಜಿ. ಮಗಳನ್ನು ಬಿಟ್ಟು ಎಲ್ಲೂ ಹೋಗದ ಹೆಂಗಸು. ಶಾಲೆಯ ಜಗಲಿಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವರು. ಹೊರಡುವಾಗ ಅವರು ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು ಹೇಳಿದರು: "ಅಣ್ಣಾ, ಅವಳಿಗೆ ಆಸೆ ಹುಟ್ಟಿಸಿಬಿಟ್ರಿ. ಮೈಯಲ್ಲಿರೋ ಬಲವೆಲ್ಲ ಸೊರಗ್ತಾ ಹೋಗೋ ಕಾಯಿಲೆ ಅದು. ಮೊದಲು ಕಾಲು ಹೋಯ್ತು. ಕೈ ಇನ್ನೂ ಇದೆ. ಎಷ್ಟು ದಿನ ಅಂತ ಡಾಕ್ಟ್ರೂ ಹೇಳಲ್ಲ."

ಅಂದೇ ಸಂಜೆ ಮೇಸ್ತ್ರಿ ಅಧಿಕಾರಿ ಮೇಡಂ ಮುಂದೆ ಹೋಗಿ ನಿಂತರು. ಒಂದು ತಗ್ಗಿನ ಮೇಜು, ಕುರ್ಚಿ ಕೆಳಗೆ ನುಗ್ಗುವ ಹಾಗೆ. ಅದರ ಮೇಲೆ ಆ ಚೂರು, ಗಾಜಿಲ್ಲದೆ, ಮುಟ್ಟುವ ಹಾಗೆ. "ಒಂದು ವಾರದ ಕೆಲಸ ಮೇಡಂ, ಮರ ನಮ್ಮಲ್ಲೇ ಬಿದ್ದಿದೆ." ಮೇಡಂ ಕೆಟ್ಟವರಲ್ಲ. ಅವರಿಗೂ ಮಕ್ಕಳಿದ್ದರು. "ಒಳ್ಳೇ ಯೋಚನೆ ಮೇಸ್ತ್ರೀ, ಬರೆದು ಕಳಿಸೋಣ," ಎಂದರು. ಬರೆದು ಕಳಿಸಿದರು. ಕೆಟ್ಟದ್ದು ಶುರುವಾದದ್ದೇ ಅಲ್ಲಿಂದ.

ಮೇಸ್ತ್ರಿ ಮಾತ್ರ ಕಾಯಲಿಲ್ಲ. ಮುಂದಿನ ರಜೆಯಲ್ಲಿ ತಾಯಿ ಮಗಳನ್ನು ಕರೆಸಿಕೊಂಡು, ಸಾಮಾನು ಸಾಗಿಸುವ ಹಿಂಬಾಗಿಲ ಇಳಿಜಾರಿನಿಂದ ಒಳಗೆ ತಂದರು. "ನಾನು ಯಾವ ನಂಬರಿನ ಸಾಮಾನು?" ಎಂದು ಹುಡುಗಿ ಕೇಳಿದಳು. "ನೂರ ಹದಿಮೂರು," ಎಂದರು ಮೇಸ್ತ್ರಿ. ಗಾಜಿನ ಪೆಟ್ಟಿಗೆಯ ಕೀಲಿ ಮೇಡಂ ಬಳಿ ಇತ್ತು, ಚೂರು ಇಳಿಸುವಂತಿರಲಿಲ್ಲ. ಪಟ್ಟಿ ತೆಗೆದು ಅಳೆಯಲು ಕೂತರು. ನೆಲದಿಂದ ಮಂಡಿ ಇಪ್ಪತ್ತೆರಡು ಇಂಚು. ಕುರ್ಚಿಯ ಕೈ ಇಪ್ಪತ್ತಾರು. ಕುರ್ಚಿಯ ಅಗಲ, ಗಾಲಿಯ ಸುತ್ತು, ಕೈ ಚಾಚಿದರೆ ಮುಂದಕ್ಕೆ ಎಷ್ಟು, ಪಕ್ಕಕ್ಕೆ ಎಷ್ಟು. ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಅಳತೆಪಟ್ಟಿಯ ಚೀಲದೊಳಗೆ ಮಡಿಸಿಟ್ಟುಕೊಂಡರು. ಹಳೆಯ ಕೋಲಿನ ಪಕ್ಕದಲ್ಲಿ ಹೊಸದೊಂದು ಮೊಳೆ ಹೊಡೆದು, ಆ ಹುಡುಗಿಯ ಕುರ್ಚಿಗೆ ಸಮನಾಗಿ ಕೊಯ್ದ ಚಿಕ್ಕ ಕೋಲು ತೂಗುಹಾಕಿದರು. ಅದನ್ನು ನೋಡಿದಾಗಲೆಲ್ಲ ಅವರಿಗೆ ಏನೋ ಸಮಾಧಾನ. ಆಜಾನುಬಾಹು ಅಧಿಕಾರಿಗೆ ತಾವು ಒಳ್ಳೇ ಉತ್ತರ ಕೊಟ್ಟೆವೆಂಬ ಹೆಮ್ಮೆಯೂ ಇತ್ತು.

ಕಡತ ಹತ್ತು ಮೇಜು ಸುತ್ತಿತು. ಮೇಲಿನ ಕಚೇರಿಯವರು ಕೇಳಿದರು: ಇಂಥ ಮಕ್ಕಳು ವರ್ಷಕ್ಕೆ ಎಷ್ಟು ಜನ ಬರುತ್ತಾರೆ? ಇಲ್ಲಿಂದ ಉತ್ತರ ಹೋಯಿತು: ಮೆಟ್ಟಿಲಿರುವುದರಿಂದ ಯಾರೂ ಬರುವುದಿಲ್ಲ. ಅಲ್ಲಿಂದ ಮರುಪ್ರಶ್ನೆ ಬಂತು: ಯಾರೂ ಬರದಿದ್ದರೆ ಮೇಜಿನ ಅಗತ್ಯವೇನು? ಇದನ್ನು ಬರೆದ ಮಹಾನುಭಾವ ಯಾರೋ, ಊಟ ಮಾಡಿ ಕೈ ತೊಳೆದು ಬರೆದಿದ್ದಾನೆ, ನಿದ್ದೆಯೂ ಚೆನ್ನಾಗಿ ಬಂದಿರಬೇಕು. ಆಮೇಲೆ ಸಮಿತಿ ಆಯಿತು. ಸಮಿತಿ ತಜ್ಞರನ್ನು ಕೇಳಿತು. ತಜ್ಞರು ಬಂದು ಮೂರು ದಿನ ಇದ್ದು, ಮಕ್ಕಳು ಮುಟ್ಟಿದರೆ ಚೂರು ಸವೆಯುತ್ತದೆಯೇ ಎಂದು ಇಪ್ಪತ್ತು ಪುಟ ಬರೆದರು. ಮೇಸ್ತ್ರಿ ವಾರಕ್ಕೊಮ್ಮೆ ಮೇಡಂ ಕೋಣೆಯ ಬಾಗಿಲಲ್ಲಿ ಇಣುಕುವರು. "ಬಂದಿಲ್ಲ ಮೇಸ್ತ್ರೀ," ಎನ್ನುವರು ಮೇಡಂ. ಬರಬರುತ್ತಾ ಅವರು ತಲೆಯೆತ್ತದೆಯೇ ಹೇಳತೊಡಗಿದರು. "ಅವರ ಕಾಗದಕ್ಕಿಂತ ನಿಮ್ಮ ಮೇಜು ಹೆಚ್ಚಾ? ಮಾಡಿಬಿಡಿ, ಇಟ್ಟುಬಿಡಿ," ಎಂದು ಹೆಂಡತಿ ಮನೆಯಲ್ಲಿ ಹೇಳಿದರು. ಮೇಸ್ತ್ರಿಗೆ ಅಷ್ಟು ಧೈರ್ಯ ಇರಲಿಲ್ಲ. ಕೊಟ್ಟ ಕೆಲಸ ಮಾಡಿ ಗೊತ್ತು, ಕೊಡದ ಕೆಲಸ ಮಾಡಿ ಗೊತ್ತಿಲ್ಲ. ಇದೊಂದನ್ನು ಅವರು ಆಮೇಲೆ ತುಂಬಾ ಸಲ ನೆನೆದರು.

ಎರಡು ವರ್ಷದ ಮೇಲೆ ಅಪ್ಪಣೆ ಬಂತು. ಮೇಸ್ತ್ರಿಯ ನಿವೃತ್ತಿಗೆ ಆಗ ಎರಡು ತಿಂಗಳು.

ಅವರು ಆ ಮೇಜನ್ನು ಮಾಡಿದ ಹಾಗೆ ಜೀವಮಾನದಲ್ಲಿ ಇನ್ನೇನನ್ನೂ ಮಾಡಿದ್ದಿಲ್ಲ. ಚೀಟಿ ತೆಗೆದು, ಚಿಕ್ಕ ಕೋಲು ಇಳಿಸಿ, ಒಂದೊಂದು ಹಲಗೆಯನ್ನೂ ಆರಿಸಿ ಕೊಯ್ದರು. ಅಂಚುಗಳನ್ನು ಮಗುವಿನ ಕೆನ್ನೆ ಹಾಗೆ ದುಂಡಗೆ ತೀಡಿದರು. ಹುಡುಗಿಯ ಕಣ್ಣು ಮೊದಲು ಬೀಳುವುದು ತಳಕ್ಕೇ ಎಂದು ತಳವನ್ನೂ ಮೇಲ್ಮೈಯಷ್ಟೇ ನುಣುಪಾಗಿಸಿ, ಅಲ್ಲಿ ಪೆನ್ಸಿಲಿನಲ್ಲಿ ಬರೆದರು: "ನೂರ ಹದಿಮೂರು. ಗೋಂದು ಒಣಗಿದೆ. ಮುಟ್ಟು." ಚೂರನ್ನು ಯಾರೂ ಎತ್ತಿಕೊಂಡು ಹೋಗಬಾರದು ಎಂದು ಮೇಡಂ ಹೇಳಿದ್ದರಿಂದ, ಮೇಜಿನ ನಟ್ಟನಡುವೆ ಮರದ ತೊಟ್ಟಿಲು ಕಡೆದು, ಅದರಲ್ಲಿ ಚೂರನ್ನು ಕೂರಿಸಿ, ಕೆಳಗಿನಿಂದ ಎಂಟು ತಿರುಪುಗಳಲ್ಲಿ ಬಿಗಿದರು. ತಿರುಪಿನ ತಲೆ ಕಾಣದ ಹಾಗೆ ಒಂದೊಂದಕ್ಕೂ ಮರದ ಬಿರಡೆ ಹೊಡೆದು ಗೋಂದು ಹಾಕಿ ಸಪಾಟು ಮಾಡಿದರು. ಎಲ್ಲಿ ಮರ ಮುಗಿದು ಎಲ್ಲಿ ಬಿರಡೆ ಶುರು ಎಂದು ಅವರಿಗೇ ಗೊತ್ತಾಗುತ್ತಿರಲಿಲ್ಲ.

ಉದ್ಘಾಟನೆಯ ದಿನ ಸಾಮಾನಿನ ಬಾಗಿಲಿಗೆ ಹೊಸ ಬಣ್ಣ ಬಳಿದು "ವಿಶೇಷ ಪ್ರವೇಶ" ಎಂದು ಬೋರ್ಡು ಹಾಕಿದ್ದರು. ಅತಿಥಿಗಳು ಬಂದರು, ಭಾಷಣ ಒಂದು ಗಂಟೆ ಆಯಿತು. ಕೊನೆಗೆ ಮಕ್ಕಳನ್ನು ಒಳಗೆ ಬಿಟ್ಟರು. ಹನ್ನೊಂದು ಮಕ್ಕಳು. ಊರುಗೋಲಿನವರು ನಾಲ್ವರು ಮೊದಲು ಬಂದು ಬೆರಳಿಟ್ಟು ನಕ್ಕರು, ಪಟ ತೆಗೆದದ್ದು ಆಗಲೇ. ನಿಂತುಕೊಳ್ಳಬಲ್ಲವರಿಗೆ ಮೇಜು ಹೇಗಿದ್ದರೂ ನಡೆಯುತ್ತದೆ.

ಹುಡುಗಿ ಬಂದಳು. ಮೇಸ್ತ್ರಿಗೆ ಅವಳ ಗುರುತೇ ಹತ್ತಲಿಲ್ಲ. ಹನ್ನೊಂದು ವರ್ಷ, ಉದ್ದ ಬೆಳೆದಿದ್ದಳು. ಬೆನ್ನಿಗೂ ಎರಡು ಪಕ್ಕೆಗೂ ಬೆಲ್ಟು ಕಟ್ಟಿದ್ದರು. ಹಳೆಯ ಕುರ್ಚಿಯಲ್ಲ, ಯಂತ್ರದ ದೊಡ್ಡ ಕುರ್ಚಿ, ದಪ್ಪ ಕೈಗಳು, ಒಂದು ಕೈಯ ತುದಿಯಲ್ಲಿ ಗುಂಡಿಗಳ ಡಬ್ಬಿ. ಅವಳ ಬೆರಳು ಆ ಡಬ್ಬಿಯ ಮೇಲಿತ್ತು. ಬೆರಳು ಮಾತ್ರ ಆಡುತ್ತಿತ್ತು, ಕೈ ಆಡುತ್ತಿರಲಿಲ್ಲ.

ಅವಳು ನೇರವಾಗಿ ಮೇಜಿನ ಕಡೆ ಬಂದಳು. ಡಬ್ಬಿ ಮೇಜಿನ ಅಂಚಿಗೆ ತಗುಲಿ ಟಕ್ಕೆಂದಿತು. ಹಿಂದೆ ಹೋಗಿ ಮತ್ತೆ ಬಂದಳು. ಮತ್ತೆ ಟಕ್ಕೆಂದಿತು. ಮೇಸ್ತ್ರಿ ಅಳತೆಪಟ್ಟಿ ಇಟ್ಟು ನೋಡಿದರು. ಕುರ್ಚಿಯ ಕೈ ಮೂವತ್ತೊಂದು ಇಂಚು ಇತ್ತು, ಮೇಜಿನ ಕೆಳಗಿನ ಜಾಗ ಇಪ್ಪತ್ತೇಳು.

ಕುರ್ಚಿಯನ್ನು ಪಕ್ಕಕ್ಕೆ ತಿರುಗಿಸಿ ನೋಡಿದರು. ತಾಯಿ ಮಗಳ ಕೈಯನ್ನು ಎತ್ತಿ, ನಿಧಾನಕ್ಕೆ ಚೂರಿನ ಕಡೆ ಚಾಚಿಸಿದರು. ಯಾರೂ ಹಿಡಿಯಬಾರದು ಎಂದವಳು ಈಗ ಸುಮ್ಮನೆ ಬಿಟ್ಟುಕೊಂಡಳು. ಬೆರಳಿಗೂ ಗುರುತಿಗೂ ಇನ್ನೂ ಒಂದು ಗೇಣು ಉಳಿಯಿತು. "ಸಾಕಮ್ಮ, ಪಕ್ಕೆ ನೋಯುತ್ತೆ," ಎಂದಳು. ಬೆಲ್ಟು ಬಿಚ್ಚಿ ಎತ್ತಿಕೊಳ್ಳೋಣ ಎಂದರೆ, ಹಾಗೆ ಎತ್ತುವಾಗ ಒಮ್ಮೆ ಮೂಳೆಯೇ ಮುರಿದಿತ್ತಂತೆ. ಆಸ್ಪತ್ರೆಯವರಿಲ್ಲದೆ ಕುರ್ಚಿಯಿಂದ ಇಳಿಸಬಾರದು ಎಂದು ಕಟ್ಟಪ್ಪಣೆ.

ತಾಯಿ ಮೇಜಿನ ಅಂಚನ್ನು ಕೈಯಿಂದ ಸವರಿದರು. ಕೋಪವಿಲ್ಲದೆಯೇ ಕೇಳಿದರು: "ಅಣ್ಣಾ, ಬೆಳೆಯೋ ಮಕ್ಕಳಿಗೆ ಬಟ್ಟೆ ಹೊಲಿಯುವಾಗ ನಾವು ಒಳಗೆ ಎರಡು ಬೆರಳು ಮಡಚಿ ಬಿಟ್ಟಿರ್ತೀವಿ. ನಿಮ್ಮ ಕೆಲಸದಲ್ಲಿ ಹಾಗೆ ಬಿಡೋದಿಲ್ವಾ?"

ಬಿಡುವುದಿಲ್ಲ. ಬಿಟ್ಟರೆ ಅದು ಮರಗೆಲಸವೇ ಅಲ್ಲ. ಸಂದು ಬಿಟ್ಟವನನ್ನು ಗುರುಗಳು ಕೆಲಸದಿಂದಲೇ ಓಡಿಸುತ್ತಿದ್ದರು. ಒಬ್ಬ ಎತ್ತರದ ಮನುಷ್ಯನ ಗುಂಡಿಗೆ ಕೊಯ್ದ ಕೋಲನ್ನು ಮನಸ್ಸಿನಲ್ಲೇ ಆಡಿಕೊಂಡವರು, ತಾವೂ ಒಂದೇ ಮಗುವಿನ ಒಂದೇ ದಿನಕ್ಕೆ ಇನ್ನೊಂದು ಕೋಲು ಕೊಯ್ದಿದ್ದರು.

ಅವರು ಉಳಿ, ಸುತ್ತಿಗೆ ತಂದು ಮೇಜಿನ ಕೆಳಗೆ ಅಂಗಾತ ಮಲಗಿ ಬಿರಡೆ ಒಡೆಯಲು ಶುರುಮಾಡಿದರು. ಚೂರನ್ನು ಬಿಚ್ಚಿದರೆ ಅವಳ ಮಡಿಲಿಗೇ ಇಡಬಹುದು. ಎಷ್ಟು ಚೆನ್ನಾಗಿ ಮಾಡಿದ್ದರೆಂದರೆ, ಮೊದಲ ಬಿರಡೆ ಹುಡುಕುವುದಕ್ಕೇ ಐದು ನಿಮಿಷ ಹಿಡಿಯಿತು. "ಮೇಸ್ತ್ರೀ, ಏನಿದು, ಅತಿಥಿಗಳು ಇಲ್ಲೇ ಇದಾರೆ, ಏಳಿ ಮೇಲೆ," ಎಂದು ಮೇಡಂ ತಗ್ಗಿದ ದನಿಯಲ್ಲಿ ಗದರಿದರು. ಮೇಸ್ತ್ರಿ ಏಳಲಿಲ್ಲ. ಎರಡನೆಯದು ಬಂತು. ಮೂರನೆಯದಕ್ಕೆ ಉಳಿ ಇಡುವಾಗ ಬಸ್ಸಿನ ಚಾಲಕ ಬಂದು, ಹೊತ್ತಾಯಿತು, ಇವರನ್ನು ಬಿಟ್ಟು ಇನ್ನೊಂದು ಶಾಲೆಗೆ ಹೋಗಬೇಕು ಎಂದ. ಕುರ್ಚಿಗಳು ಒಂದೊಂದಾಗಿ ತಿರುಗಿದವು. ಕೆಳಗೆ ಮಲಗಿದ್ದ ಮೇಸ್ತ್ರಿಗೆ ಗಾಲಿಗಳು ಮಾತ್ರ ಕಾಣುತ್ತಿದ್ದವು. ಕಣ್ಣಿನ ಮೇಲೆ ತಮ್ಮದೇ ಅಕ್ಷರ: ಮುಟ್ಟು. ಎತ್ತರದ ಕುರ್ಚಿಯಲ್ಲಿ ಕೂತವಳು ಅದನ್ನು ನೋಡಲೇ ಇಲ್ಲ.

"ಬರ್ತೀನಿ ತಾತ," ಎಂದಳು ಮೇಲಿನಿಂದ.

ಮೇಸ್ತ್ರಿ ಆಮೇಲೆ ಮಾಡದ ಪ್ರಯತ್ನವಿಲ್ಲ. ಮೇಜಿನ ಕಾಲಿಗೆ ದಿಮ್ಮಿ ಕೊಟ್ಟು ಎತ್ತರ ಮಾಡುತ್ತೇನೆ ಎಂದರು. ಮೇಜಿಗೆ ಈಗ ನಂಬರು ಬಿದ್ದಿದೆ, ಮುಟ್ಟಬೇಕಾದರೆ ಸಮಿತಿಯ ಒಪ್ಪಿಗೆ ಬೇಕು ಎಂದರು ಮೇಡಂ. ಚೂರನ್ನು ಅರ್ಧ ದಿನ ಶಾಲೆಗೆ ಒಯ್ಯುತ್ತೇನೆ, ಬೇಕಾದರೆ ಕಾವಲಿಗೆ ಜನ ಕೊಡಿ ಎಂದರು. ಸಂಗ್ರಹದ ವಸ್ತು ಗೇಟು ದಾಟಬೇಕಾದರೆ ಮೇಲಿನ ಕಚೇರಿಯ ಅಪ್ಪಣೆ ಬೇಕು. ಇದನ್ನು ಹೇಳುವಾಗ ಮೇಡಂ ಮುಖ ಸಣ್ಣದಾಗಿತ್ತು, ಅದು ನಿಜ. ಆದರೆ ಮುಖ ಸಣ್ಣ ಮಾಡಿಕೊಂಡವರಿಂದ ಯಾವ ಗೇಟೂ ತೆರೆಯುವುದಿಲ್ಲ. ಎರಡು ವಾರ ಕಳೆಯುವುದರೊಳಗೆ ಭಾನುವಾರ ಬರುವ ಮಕ್ಕಳು ಚೂರನ್ನು ಉಗುರಿನಿಂದ ಕೆರೆಯುತ್ತಾರೆಂದು ಮೇಜಿನ ಸುತ್ತ ಹಗ್ಗ ಕಟ್ಟಿ, ಒಂದು ಫಲಕ ನಿಲ್ಲಿಸಿದರು. "ದಯವಿಟ್ಟು ಮುಟ್ಟಬೇಡಿ." ಕಾವಲುಗಾರ ಅದನ್ನು ಮೇಸ್ತ್ರಿಗೆ ತೋರಿಸಿ, ನಗಬೇಕೋ ಬೇಡವೋ ಗೊತ್ತಾಗದೆ ನಿಂತ.

ಕೊನೆಯ ದಿನ ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಹೊರಡುವ ಮುಂಚೆ ಮೇಸ್ತ್ರಿ ಹಗ್ಗ ದಾಟಿ ಮೇಜಿನ ಬಳಿ ಕೂತರು. ತಿರುಪಿಗೆ ಸವರುವ ಮೇಣದ ಉಂಡೆಯೊಂದು ಅವರ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನು ಅಂಗೈಯಲ್ಲಿ ತಿಕ್ಕಿ ಮೆತ್ತಗೆ ಮಾಡಿದರು. ಚೂರಿನ ಗುರುತಿಗೆ ಒಂದು ಹನಿ ಎಣ್ಣೆ ಸವರಿ, ಮೇಣವನ್ನು ಒತ್ತಿ ತೆಗೆದರು. ಕುಳಿಯೊಳಗೆ ಹೋದ ಮೇಣ ಬೆರಳಾಗಿ ಹೊರಗೆ ಬಂತು. ಪುಟ್ಟ ತುದಿ, ಉಗುರಿನ ಅಂಚಿನ ಗೀರು ಸಮೇತ. ಸಾವಿರಾರು ವರ್ಷದ ಹಿಂದಿನ ಮಗುವಿನ ಬೆರಳು ಅವರ ಅಂಗೈಯಲ್ಲಿ ಕೂತಿತ್ತು. ಮೇಸ್ತ್ರಿಗೆ ಅಳು ಬಂತು. ಕರವಸ್ತ್ರದಲ್ಲಿ ಅದನ್ನು ಸುತ್ತಿಕೊಂಡು, ಗಡಿಯಾರವನ್ನು ಕಾವಲುಗಾರನ ಕೋಣೆಯಲ್ಲೇ ಮರೆತು ಹೊರಟರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಶಾಲೆಗೆ ಹೋದರು. ಜಗಲಿಯಲ್ಲಿ ತಾಯಿಯ ಹೊಲಿಗೆ ಯಂತ್ರ, ಅದರ ಪಕ್ಕದಲ್ಲಿ ಹುಡುಗಿಯ ಕುರ್ಚಿ. ಕುರ್ಚಿಯ ಬೆನ್ನನ್ನು ಮೊದಲಿಗಿಂತಲೂ ಹಿಂದಕ್ಕೆ ವಾಲಿಸಿದ್ದರು. ಮೇಸ್ತ್ರಿ ಕರವಸ್ತ್ರ ಬಿಚ್ಚಿ ತೋರಿಸಿದರು. ಹುಡುಗಿಯ ಕಣ್ಣು ದೊಡ್ಡದಾಯಿತು.

"ಅದೇನಾ? ಅವಳದ್ದಾ?"

"ಅವಳದ್ದೋ ಅವನದ್ದೋ. ಅದೇ ಬೆರಳು."

"ಅಮ್ಮ, ನನ್ನ ಬೆರಳಿನ ಪಕ್ಕ ಹಿಡಿ," ಎಂದಳು.

ತಾಯಿ ಕತ್ತರಿ ಕೆಳಗಿಟ್ಟು, ಮಗಳ ತೋರುಬೆರಳನ್ನು ನೆಟ್ಟಗೆ ಮಾಡಿ, ಮೇಣದ ಬೆರಳನ್ನು ಅದಕ್ಕೆ ತಾಗಿಸಿ ಹಿಡಿದರು. ಇಬ್ಬರು ಅಳೆಯುವವರ ಕಣ್ಣು ಒಟ್ಟಿಗೆ ಕಂಡುಕೊಂಡಿತು. ಹುಡುಗಿಯದು ದಪ್ಪ. ಉಗುರೂ ಅಗಲ. ಚೂರನ್ನು ಮಡಿಲಿಗೆ ತಂದಿಟ್ಟಿದ್ದರೂ ಈ ಬೆರಳು ಆ ಕುಳಿಯೊಳಗೆ ಹೋಗುತ್ತಿರಲಿಲ್ಲ.

"ನಂದು ದೊಡ್ಡದಾಗಿಬಿಟ್ಟಿದೆ," ಎಂದಳು ಹುಡುಗಿ. ಸ್ವಲ್ಪ ಹೊತ್ತು ಎರಡನ್ನೂ ನೋಡುತ್ತಿದ್ದು, ಮತ್ತೆ ಕೇಳಿದಳು: "ಮೊದಲನೇ ಸಲ ಬಂದಾಗ ಸರಿಹೋಗ್ತಿತ್ತಾ ತಾತ?"

ಮೇಸ್ತ್ರಿಯ ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಯಿತು. ಚೀಟಿ ಅಲ್ಲೇ ಇತ್ತು, ಮಡಚಿದಲ್ಲಿ ಸವೆದಿತ್ತು. ಮಂಡಿ ಇಪ್ಪತ್ತೆರಡು. ಕುರ್ಚಿಯ ಕೈ ಇಪ್ಪತ್ತಾರು. ಗಾಲಿ, ಅಗಲ, ಮುಂದಕ್ಕೆ ಚಾಚು, ಪಕ್ಕಕ್ಕೆ ಚಾಚು. ಎರಡೂ ಬದಿ ತಿರುಗಿಸಿ ನೋಡಿದರು. ಬೆರಳಿನ ಅಳತೆ ಇರಲಿಲ್ಲ.

"ಸರಿಯಾಗಿ ಕೂರ್ತಿತ್ತು," ಎಂದರು. ಪಟ್ಟಿ ಇಡದೆ ಅವರು ಹೇಳಿದ ಮೊದಲನೆಯ ಅಳತೆ ಅದು.

ಹುಡುಗಿ ಅವರ ಮುಖವನ್ನೂ ಕೈಯಲ್ಲಿದ್ದ ಚೀಟಿಯನ್ನೂ ನೋಡಿದಳು.

"ಅಳೆದಿರಲಿಲ್ಲ ಅಲ್ವಾ ನೀವು?"

"ಇಲ್ಲ ಮಗಾ," ಎಂದರು ಮೇಸ್ತ್ರಿ. "ಅಳೆದಿರಲಿಲ್ಲ."